ಗಿಡ್ಡ ಕೂದಲಿನ ಇಂಗ್ಲಿಷ್

ಇಂಗ್ಲಿಷ್ ಕಲಿಸಲೆಂದು ಪರದೇಶಕ್ಕೆ ಹೋಗುವವರಿಗೆ ಇಂಗ್ಲಿಷ್ ಬರಬಾರದು ಎಂದು ಎಲ್ಲಿಯೂ ನಿಯಮವಿಲ್ಲ. ಬಂದಲ್ಲಿ, ಅದರಿಂದ ಉಂಟಾಗುವ ತೊಂದರೆಗಳಿಗೆ ಸಂಬಂಧಪಟ್ಟವರೇ ಹೊಣೆಗಾರರಾಗುತ್ತಾರೆ, ಅಷ್ಟೆ. ಇದನ್ನು ಮೊದಲೇ ಸ್ಪಷ್ಟಪಡಿಸುವುದು ಒಳ್ಳೆಯದು. ಏಕೆಂದರೆ ಇಲ್ಲಿ ಹೇಳಲಿರುವ ಯುವತಿಗೆ ಇಂಗ್ಲಿಷ್ ಬರುತ್ತಿತ್ತು.

ಆಕೆ ಆ ವರ್ಷವೇ ಇಂಗ್ಲಿಷ್ ಎಂ.ಎ. ಮುಗಿಸಿದ್ದಳು. ಊರಿನಲ್ಲಿ ಕೆಲಸ ಕೇಳಲು ಹೋದ ಕಡೆಯೆಲ್ಲ ಅನುಭವ ಇದೆಯೇ ಎಂದು ವಿಚಾರಿಸಿದರು. ಅನುಭವ ಎಲ್ಲಿ ಸಿಗುತ್ತದೆ ಎಂದು ಆಕೆ ಕೇಳಿದರೆ, ಕೆಲಸಕ್ಕೆ ಸೇರಿದ ಮೇಲೆ ಸಿಗುತ್ತದೆ ಎಂದು ತಾಳ್ಮೆಯಿಂದ ತಿಳಿಸಿದರು. ಹೀಗಿರುವಾಗ ಪರದೇಶದ ಒಂದು ಭಾಷಾ ಸಂಸ್ಥೆಯ ಜಾಹೀರಾತು ಆಕೆಯ ಕಣ್ಣಿಗೆ ಬಿತ್ತು. 'ಹೊಸ ಪದವೀಧರರಿಗೆ ಆದ್ಯತೆ. ಅನುಭವ ಇರತಕ್ಕದ್ದಲ್ಲ' ಎಂದು ಅದರಲ್ಲಿತ್ತು.

ಸಂದರ್ಶನ ಕಂಪ್ಯೂಟರಿನ ಪರದೆಯ ಮೇಲೆ ನಡೆಯಿತು. ಸಂಸ್ಥೆಯ ನಿರ್ದೇಶಕರು ಆಕೆಯನ್ನು ನಗಲು ಹೇಳಿದರು. ನಕ್ಕಳು. ಎದ್ದು ನಿಲ್ಲಲು ಹೇಳಿದರು. ನಿಂತಳು. ಪಾಸ್‌ಪೋರ್ಟ್ ಇದೆಯೇ ಎಂದರು. ಇದೆ ಎಂದಳು. ಆಯ್ಕೆಯಾಗಿದ್ದೀರಿ ಎಂದರು.

"ಸರ್, ಇಂಗ್ಲಿಷಿನ ಬಗ್ಗೆ ಏನೂ ಕೇಳೋದಿಲ್ವಾ?"

"ಅದು ನಿಮ್ಮ ಸ್ವಂತ ವಿಷಯ ಮೇಡಂ. ನಾವು ತಲೆ ಹಾಕೋದಿಲ್ಲ," ಎಂದರು ನಿರ್ದೇಶಕರು.

ನೇಮಕದ ಆದೇಶ ಬಂದ ದಿನ ಮನೆಯಲ್ಲಿ ಅದನ್ನು ಎಲ್ಲರಿಗೂ ಓದಿ ಹೇಳಿದವರು ಸೋದರಮಾವ. ಅವರು ಜೀವವಿಮೆ ಮಾಡಿಸುವವರು. ಒಮ್ಮೆ ಯಾರನ್ನೋ ಬಿಟ್ಟು ಬರಲು ವಿಮಾನ ನಿಲ್ದಾಣದ ಬಾಗಿಲವರೆಗೆ ಹೋಗಿದ್ದರಿಂದ ಪರದೇಶದ ವಿಚಾರಗಳನ್ನು ಮನೆಯಲ್ಲಿ ಅವರೇ ನೋಡಿಕೊಳ್ಳುತ್ತಿದ್ದರು. ಆದೇಶದಲ್ಲಿದ್ದ ಹುದ್ದೆಯ ಹೆಸರನ್ನು ಅವರು 'ಪರದೇಶಿ ಅಧ್ಯಾಪಕಿ' ಎಂದು ಕನ್ನಡಕ್ಕೆ ತಂದರು. ಮೂಲೆಯಲ್ಲಿ ಕೂತಿದ್ದ ಅಜ್ಜಿ ಕಣ್ಣೊರೆಸಿಕೊಳ್ಳತೊಡಗಿದರು.

"ಅಪ್ಪ ಅಮ್ಮ ಇಬ್ಬರೂ ಗುಂಡುಕಲ್ಲಿನ ಹಾಗಿರೋವಾಗ ನನ್ನ ಮೊಮ್ಮಗಳನ್ನ ಪರದೇಶಿ ಅಂತ ಯಾಕೋ ಬರೆದಿದ್ದಾರೆ?"

"ಅಲ್ಲಿ ಹಾಗೇ ಅಮ್ಮ. ಮರ್ಯಾದೆ ಕೊಡಬೇಕು ಅಂದ್ರೆ ಪರದೇಶಿ ಅಂತಾರೆ," ಎಂದರು ಮಾವ. ಅಜ್ಜಿ ಮರ್ಯಾದೆಯನ್ನು ಒಪ್ಪಿಕೊಂಡರು. ಹುಡುಗಿ ಅಲ್ಲಿನ ಭಾಷೆಯನ್ನು ಅಷ್ಟಿಷ್ಟು ಕಲಿತುಕೊಂಡು ಹೊರಟಳು.

ಸಂಸ್ಥೆ ಇದ್ದದ್ದು ಒಂದು ಇಕ್ಕಟ್ಟಾದ ಬೀದಿಯ ಮೂರಂತಸ್ತಿನ ಕಟ್ಟಡದಲ್ಲಿ. ಕೆಳಗೆ ಒಬ್ಬ ತಾತನ ಕಟಿಂಗ್ ಶಾಪ್. ನಡುವೆ ದಂತವೈದ್ಯರ ಕ್ಲಿನಿಕ್. ಅದರ ಮೇಲೆ ಇಂಗ್ಲಿಷ್. ಮೆಟ್ಟಿಲು ಹತ್ತುವವರಿಗೆ ಮೊದಲು ಸೋಪಿನ ನೊರೆಯ ವಾಸನೆ, ಆಮೇಲೆ ಲವಂಗದೆಣ್ಣೆಯ ವಾಸನೆ ಬರುತ್ತಿತ್ತು. ಯಾವ ವಾಸನೆಯೂ ಬಾರದ ಕಡೆ ಸಂಸ್ಥೆ ಶುರುವಾಗುತ್ತಿತ್ತು. ತರಗತಿಯ ಬಾಗಿಲಿಗೆ ಗಾಜಿನ ಕಿಂಡಿ ಇಟ್ಟಿದ್ದರು. ಪೋಷಕರು ಬಂದು ಅದರಲ್ಲಿ ಇಣುಕಿ ನೋಡಿ ಸಮಾಧಾನಪಟ್ಟುಕೊಂಡು ಹೋಗುವುದು ಪದ್ಧತಿ.

ಮೊದಲ ದಿನ ಆಕೆ ತರಗತಿಗೆ ಹೋಗಿ ಪಾಠ ಮಾಡಿದಳು. ಇದು ಅನುಭವವಿಲ್ಲದವರು ಮಾಡುವ ತಪ್ಪು. ಬೆಳಿಗ್ಗೆ ಏನು ತಿಂದಿರಿ ಎಂದು ಒಬ್ಬೊಬ್ಬರನ್ನೂ ಇಂಗ್ಲಿಷಿನಲ್ಲಿ ಕೇಳಿದಳು. ಮೊದಮೊದಲು ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರು. ಆಮೇಲೆ ದಂತವೈದ್ಯರ ಮಗ ತಾನು ನಾಳೆ ಮೊಟ್ಟೆ ತಿಂದೆ ಎಂದ. ತರಗತಿ ಗೊಳ್ಳೆಂದು ನಕ್ಕಿತು. ಆ ನಗುವಿನಲ್ಲಿ ಉಳಿದವರ ಬಾಯಿಯೂ ತೆರೆಯಿತು. ಗಂಟೆ ಹೊಡೆಯುವಾಗ ಎಲ್ಲರೂ ಮಾತಾಡುತ್ತಿದ್ದರು, ಎಲ್ಲರೂ ತಪ್ಪು ಮಾತಾಡುತ್ತಿದ್ದರು, ಯಾರಿಗೂ ಎದ್ದು ಹೋಗುವ ಮನಸ್ಸಿರಲಿಲ್ಲ. ಆಕೆ ತನ್ನ ಕೋಣೆಗೆ ಹೋಗಿ, ಈ ಕೆಲಸ ತನ್ನ ಕೈಯಲ್ಲಿ ಆಗುತ್ತದೆ ಎಂದುಕೊಂಡು ನೆಮ್ಮದಿಯಾಗಿ ಮಲಗಿದಳು.

ಮರುದಿನ ನಿರ್ದೇಶಕರು ಕರೆಸಿದರು. ದಂತವೈದ್ಯರು ಆಗಲೇ ಬಂದು ಕೂತಿದ್ದರು.

"ನಿನ್ನೆ ನಮ್ಮ ಹುಡುಗ ಮನೇಲಿ ಇಂಗ್ಲಿಷ್ ಮಾತಾಡಿದ," ಎಂದರು ದಂತವೈದ್ಯರು.

"ಒಳ್ಳೇದಾಯ್ತಲ್ಲ ಸರ್."

"ಏನು ಒಳ್ಳೇದು? ತಪ್ಪುತಪ್ಪಾಗಿ ಮಾತಾಡಿದ. ವರ್ಷದಿಂದ ಇಲ್ಲಿಗೆ ಕಳಿಸ್ತಿದ್ದೀನಿ. ಒಂದು ದಿನ ಒಂದು ತಪ್ಪು ಮಾಡಿರಲಿಲ್ಲ."

"ಅಷ್ಟು ದಿನ ಮಾತಾಡ್ತಿದ್ನಾ?"

"ಇಲ್ಲ. ಅದಕ್ಕೇ ತಪ್ಪಿರಲಿಲ್ಲ."

ನಿರ್ದೇಶಕರು ದುಃಖದಿಂದ ತಲೆಯಾಡಿಸಿದರು. "ನೀವು ಬರೋವರೆಗೆ ಈ ಸಂಸ್ಥೆಯಲ್ಲಿ ತಪ್ಪು ಅನ್ನೋದನ್ನ ನಾವು ಕಂಡೇ ಇರಲಿಲ್ಲ ಮೇಡಂ. ಒಂದೇ ದಿನದಲ್ಲಿ ಹೀಗಾದ್ರೆ ಹೇಗೆ?"

ತಪ್ಪು ಕಂಡುಬಂದಲ್ಲಿ ಅಧ್ಯಾಪಕರ ಅರ್ಹತೆಯನ್ನು ಮರುಪರಿಶೀಲಿಸತಕ್ಕದ್ದು ಎಂದು ಸಂಸ್ಥೆಯ ನಿಯಮಾವಳಿಯಲ್ಲಿತ್ತು. ನಿರ್ದೇಶಕರು ಪರಿಶೀಲಿಸಿದರು. ಆಕೆಯ ಬಳಿ 'ಪ್ರಾರಂಭಿಕ ಇಂಗ್ಲಿಷ್' ಪ್ರಮಾಣಪತ್ರ ಇಲ್ಲದಿರುವುದು ಬೆಳಕಿಗೆ ಬಂತು.

"ಎಂ.ಎ. ಇದೆಯಲ್ಲ ಸರ್."

"ಅದು ಕೊನೇದು. ನಾನು ಕೇಳ್ತಿರೋದು ಮೊದಲನೇದು."

ಪ್ರಾರಂಭಿಕ ಇಂಗ್ಲಿಷ್ ಕಲಿಸುವ ಸಂಸ್ಥೆ ಆ ಭಾಗದಲ್ಲಿ ಇದೊಂದೇ ಆಗಿತ್ತು. ಆದ್ದರಿಂದ ಆಕೆ ತನ್ನದೇ ತರಗತಿಗೆ ವಿದ್ಯಾರ್ಥಿನಿಯಾಗಿ ಸೇರಿದಳು. ಶುಲ್ಕವನ್ನು ಸಂಬಳದಲ್ಲಿ ಹಿಡಿದುಕೊಳ್ಳುವ ಅನುಕೂಲವನ್ನೂ ಸಂಸ್ಥೆ ಮಾಡಿಕೊಟ್ಟಿತು. ಒಂದು ವಾರ ಆಕೆ ಎಂದಿನಂತೆ ಕಪ್ಪು ಹಲಗೆಯ ಮುಂದೆ ನಿಂತು ಪಾಠ ಮಾಡಿದಳು. ವಾರದ ಕೊನೆಗೆ ಹಾಜರಿ ನೋಡುವ ಗುಮಾಸ್ತೆ ಬಂದು ಆಕೆಯ ಪಕ್ಕದಲ್ಲಿ ನಿಂತುಕೊಂಡಳು.

"ಈ ವಾರ ನೀವು ಒಂದು ದಿನಾನೂ ಕ್ಲಾಸಿಗೆ ಬಂದಿಲ್ಲ ಮೇಡಂ."

"ದಿನಾ ಇಲ್ಲೇ ಇದ್ದೆನಲ್ಲ. ಪಾಠ ಮಾಡ್ತಿದ್ದೆ."

"ಅದು ಅಧ್ಯಾಪಕಿಯ ಹಾಜರಿ. ಬೆಂಚಿನಲ್ಲಿ ನಿಮ್ಮ ಜಾಗ ಖಾಲಿ ಇತ್ತು. ನಾನು ಕಣ್ಣಾರೆ ನೋಡಿದ್ದೀನಿ."

ಹಾಜರಿ ಕಡಿಮೆಯಾದರೆ ಪ್ರಮಾಣಪತ್ರವಿಲ್ಲ, ಪ್ರಮಾಣಪತ್ರವಿಲ್ಲದಿದ್ದರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ವೀಸಾ ಇಲ್ಲ. ಮರುದಿನದಿಂದ ಆಕೆ ಬೆಂಚಿನಲ್ಲಿ ಕೂತಳು. ಎದುರಿಗೆ ಅಧ್ಯಾಪಕರ ಕುರ್ಚಿ ಖಾಲಿ. ಎಲ್ಲರೂ ಅದನ್ನೇ ಗೌರವದಿಂದ ನೋಡುತ್ತ ಕೂತರು. ತರಗತಿಯಲ್ಲಿ ಪಿಟ್ಟೆನ್ನುವ ಸದ್ದಿಲ್ಲ. ಪೋಷಕರು ಕಿಂಡಿಯಲ್ಲಿ ನೋಡಿ, ಹೊಸ ಟೀಚರ್ ಬಂದ ಮೇಲೆ ಶಿಸ್ತು ಬಂದಿದೆ ಎಂದು ಮಾತಾಡಿಕೊಂಡರು. ತಪ್ಪುಗಳು ಸಂಪೂರ್ಣವಾಗಿ ನಿಂತುಹೋದವು.

"ಪಾಠ ಹೇಗೆ ನಡೀತಿದೆ ಪುಟ್ಟಿ?" ಎಂದು ತಾಯಿ ಫೋನಿನಲ್ಲಿ ಕೇಳಿದರು.

"ಗಲಾಟೆಯಿಲ್ಲದೆ ನಡೀತಿದೆಯಮ್ಮ," ಎಂದಳು ಆಕೆ. ಫೋನಿಟ್ಟ ಮೇಲೆ ಸ್ವಲ್ಪ ಹೊತ್ತು ಅತ್ತಳು.

ಬೆಂಚಿನಲ್ಲಿ ಆಕೆಯ ಪಕ್ಕದಲ್ಲೇ ಕೂರುತ್ತಿದ್ದವರು ಕೆಳಗಿನ ಕಟಿಂಗ್ ಶಾಪಿನ ತಾತ. ತರಗತಿಯಲ್ಲಿ ಅವರೇ ಹಿರಿಯರು. ಒಂದು ದಿನ ಅವರು ಮೆಲ್ಲನೆ ಅವಳ ಕಡೆ ಬಾಗಿದರು.

"ಟೀಚರಮ್ಮ, ತಪ್ಪು ತಿಳ್ಕೋಬೇಡಿ. ಪಾಠ ಮತ್ತೆ ಯಾವಾಗ?"

"ನನ್ನ ಹಾಜರಿ ಪೂರ್ತಿಯಾದ ಮೇಲೆ ತಾತ."

"ಅಷ್ಟರೊಳಗೆ ನನ್ನ ಮೊಮ್ಮಗಳು ನನ್ನ ಮರೆತುಬಿಡ್ತಾಳೆ."

ತಾತನ ಮಗಳು ಬೇರೆ ಯಾವುದೋ ದೇಶದಲ್ಲಿದ್ದಳು. ಅಲ್ಲಿ ಹುಟ್ಟಿದ ಮೊಮ್ಮಗಳಿಗೆ ಇಂಗ್ಲಿಷ್ ಬಿಟ್ಟು ಬೇರೆ ಮಾತು ಬಾರದು. ಅವಳು ಫೋನಿನ ಪರದೆಯಲ್ಲಿ ಕಾಣಿಸಿಕೊಂಡಾಗಲೆಲ್ಲ ತಾತ ಹಲೋ ಎನ್ನುತ್ತಿದ್ದರು. ಅಲ್ಲಿಗೆ ಅವರ ಇಂಗ್ಲಿಷ್ ಮುಗಿಯುತ್ತಿತ್ತು. ಆಮೇಲೆ ಅಂಗಡಿಯ ಸಾಮಾನುಗಳನ್ನು ಒಂದೊಂದಾಗಿ ಎತ್ತಿ ತೋರಿಸುತ್ತಿದ್ದರು. ಕತ್ತರಿ, ಬ್ರಷ್ಷು, ಪೌಡರ್ ಡಬ್ಬಿ, ಕನ್ನಡಿ.

"ತೋರಿಸೋಕೆ ಅಂಗಡೀಲಿ ಇನ್ನೇನೂ ಉಳಿದಿಲ್ಲ ಟೀಚರಮ್ಮ. ಹೋದ ಸಲ ಮತ್ತೆ ಬಾಚಣಿಗೆ ತೋರಿಸಿದೆ. ಮಗು ಎದ್ದು ಹೋಯ್ತು."

ಆಕೆಗೆ ಕೂತಲ್ಲಿ ಕೂರಲಾಗಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಅಂಗಡಿಗೆ ಇಳಿದುಹೋದಳು. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ತಾತನನ್ನು ಅವರದೇ ಕುರ್ಚಿಯಲ್ಲಿ ಕೂರಿಸಿ, ಕನ್ನಡಿಯ ಮೇಲೆ ಸೋಪಿನಲ್ಲಿ ಬರೆದು ಕಲಿಸತೊಡಗಿದಳು. ಏನು ತಿಂದೆ, ಯಾರ ಜೊತೆ ಆಡಿದೆ, ಯಾಕೆ ಅತ್ತೆ. ಮೊಮ್ಮಗಳನ್ನು ಕೇಳಲು ಬೇಕಾದ್ದು ಇಷ್ಟೇ ಎಂದು ತಾತ ಮೊದಲೇ ತೀರ್ಮಾನಿಸಿದ್ದರು. ಎಂ.ಎ.ಯಲ್ಲಿ ಓದಿದ್ದು ಯಾವುದೂ ಬೇಕಾಗಲಿಲ್ಲ. ಆಕೆಗೆ ಇಷ್ಟು ಖುಷಿ ಯಾವ ಪರೀಕ್ಷೆಯಲ್ಲಿ ಪಾಸಾದಾಗಲೂ ಆಗಿರಲಿಲ್ಲ.

ಸುದ್ದಿ ಬೆಂಚಿನಿಂದ ಬೆಂಚಿಗೆ ಹಬ್ಬಿತು. ಒಬ್ಬೊಬ್ಬರಾಗಿ ವಿದ್ಯಾರ್ಥಿಗಳು ಕೆಳಗಿಳಿದು ಬಂದರು. ಅದರ ಬೆನ್ನಿಗೇ ಸಂಸ್ಥೆಯ ಬಾಗಿಲಿನಲ್ಲಿ ಪ್ರಕಟಣೆ ಬಿತ್ತು:

'ವಿದ್ಯಾರ್ಥಿಗಳು ಸಂಸ್ಥೆಯ ಹೊರಗೆ ಕಲಿಯುವುದನ್ನು ನಿಷೇಧಿಸಲಾಗಿದೆ. ಹಾಗೆ ಕಲಿತದ್ದು ಕಂಡುಬಂದಲ್ಲಿ, ಕಲಿತದ್ದನ್ನು ಕೂಡಲೇ ಸಂಸ್ಥೆಗೆ ಹಿಂದಿರುಗಿಸತಕ್ಕದ್ದು. ಕಲಿಸಿದವರು ಪರದೇಶಿಯಾಗಿದ್ದಲ್ಲಿ ಅವರನ್ನೂ ಹಿಂದಿರುಗಿಸಲಾಗುವುದು.'

ಕಲಿಯಲು ಹೋಗಬಾರದು ಎಂದಿತ್ತೇ ಹೊರತು ಕಟಿಂಗ್‌ಗೆ ಹೋಗಬಾರದು ಎಂದಿರಲಿಲ್ಲ. ಆದ್ದರಿಂದ ಎಲ್ಲರೂ ಕಟಿಂಗ್‌ಗೆ ಹೋಗುತ್ತಿದ್ದೇವೆ ಎಂದು ಗುಮಾಸ್ತೆಗೆ ಹೇಳಿ ಇಳಿಯತೊಡಗಿದರು. ತಾತ ನಿಯತ್ತಿನ ಮನುಷ್ಯ. ಕಟಿಂಗ್ ಎಂದು ಹೇಳಿ ಕಟಿಂಗ್ ಮಾಡಿಸಿಕೊಳ್ಳದೆ ಹೋದರೆ ಸುಳ್ಳು ಹೇಳಿದ ಹಾಗಾಗುತ್ತದೆ ಎಂದು, ಪಾಠಕ್ಕೆ ಬಂದವರಿಗೆಲ್ಲ ಕುತ್ತಿಗೆಗೆ ಬಟ್ಟೆ ಕಟ್ಟಿ ಸ್ವಲ್ಪವಾದರೂ ಕತ್ತರಿಸಿಯೇ ಕಳಿಸುತ್ತಿದ್ದರು. ಮೊದಲಿಗೆ ಕಿವಿಯ ಸುತ್ತ, ಆಮೇಲೆ ಹಿಂದೆ, ಆಮೇಲೆ ಮೇಲೆ. ಪಾಠ ಮುಂದುವರಿದಂತೆ ಕೂದಲು ಹಿಂದುಳಿಯಿತು. ದಂತವೈದ್ಯರ ಮಗ ಭೂತಕಾಲಕ್ಕೆ ಬರುವ ಹೊತ್ತಿಗೆ ಅವನ ನೆತ್ತಿ ಬೆಳ್ಳಗೆ ಕಾಣುತ್ತಿತ್ತು. ಟೀಚರಮ್ಮನ ಜಡೆಯನ್ನು ಮಾತ್ರ ತಾತ ಮುಟ್ಟಲಿಲ್ಲ. ಅದು ಕಲಿಯುತ್ತಿರುವ ಕೂದಲಲ್ಲ ಎಂದು ಅವರ ವಾದ.

ಹುಡುಗ ಮನೆಯಲ್ಲಿ ಮತ್ತೆ ಮಾತಾಡಿದ. ಈ ಸಲ ತಪ್ಪಿರಲಿಲ್ಲ. ದಂತವೈದ್ಯರಿಗೆ ಗಾಬರಿಯಾಯಿತು. ಸಂಸ್ಥೆಯಲ್ಲಿ ಕಲಿಸಿಲ್ಲವೆಂಬುದು ಅವರಿಗೆ ಖಚಿತವಾಗಿ ಗೊತ್ತಿದ್ದುದರಿಂದ ನೇರವಾಗಿ ಶಿಕ್ಷಣ ಇಲಾಖೆಗೆ ದೂರು ಕೊಟ್ಟರು.

ಇಲಾಖೆಯಿಂದ ಪರಿವೀಕ್ಷಕರು ಬಂದರು. ಒಳ್ಳೆಯವರು, ಶಿಸ್ತಿನವರು. ನಿರ್ದೇಶಕರ ಜೊತೆ ಅವರು ಅಂಗಡಿಗೆ ಕಾಲಿಟ್ಟಾಗ ಒಳಗೆ ಪಾಠ ನಡೆಯುತ್ತಿತ್ತು. ಬೆಂಚಿನ ತುಂಬ ವಿದ್ಯಾರ್ಥಿಗಳಿದ್ದರು. ಕೂರಲು ಬೇರೆ ಜಾಗವಿಲ್ಲದೆ ಪರಿವೀಕ್ಷಕರು ಕಟಿಂಗ್ ಕುರ್ಚಿಯಲ್ಲಿ ಕೂತರು. ಕೂತವರಿಗೆ ಬಟ್ಟೆ ಕಟ್ಟುವುದು ತಾತನ ಕೈಗೆ ಅಭ್ಯಾಸವಾಗಿತ್ತು, ಕಟ್ಟಿ ಕತ್ತರಿ ಎತ್ತಿಕೊಂಡರು. ವಿಚಾರಣೆ ಆರಂಭವಾಯಿತು.

"ಇವರು ನಿಮಗೆ ಇಂಗ್ಲಿಷ್ ಕಲಿಸ್ತಿದ್ದಾರಾ?" ಪರಿವೀಕ್ಷಕರು ಕನ್ನಡಿಯೊಳಗಿನ ತಾತನನ್ನು ಕೇಳಿದರು.

ಆಕೆ ಬೆಂಚಿನ ತುದಿಯಲ್ಲಿ ಕೈಕಟ್ಟಿಕೊಂಡು ಕೂತಿದ್ದಳು. ನಾಳೆ ಮನೆಗೆ ಫೋನ್ ಮಾಡಿ ಏನು ಹೇಳುವುದೆಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದಳು.

"ಇಲ್ಲ ಸ್ವಾಮಿ. ಕಟಿಂಗ್ ಶಾಪು ಇದು. ಇಲ್ಲೆಲ್ಲಿಂದ ಇಂಗ್ಲಿಷು ಬರಬೇಕು," ಎಂದರು ತಾತ.

ಅಷ್ಟರಲ್ಲಿ ಪೌಡರ್ ಡಬ್ಬಿಗೆ ಒರಗಿಸಿಟ್ಟಿದ್ದ ಫೋನ್ ಬಡಿದುಕೊಂಡಿತು. ಪರದೆಯ ಮೇಲೆ ಮೊಮ್ಮಗಳ ಮುಖ. ತಾತ ಒಮ್ಮೆ ಪರಿವೀಕ್ಷಕರನ್ನು ನೋಡಿದರು, ಒಮ್ಮೆ ಟೀಚರಮ್ಮನನ್ನು ನೋಡಿದರು. ಎತ್ತಿದರೆ ಇಂಗ್ಲಿಷ್ ಹೊರಬೀಳುತ್ತದೆ. ಎತ್ತದಿದ್ದರೆ ಮಗು ಎದ್ದು ಹೋಗುತ್ತದೆ. ಆಕೆ ತಲೆ ಬಗ್ಗಿಸಿಕೊಂಡೇ ಅಂದಳು: "ಎತ್ತಿ ತಾತ."

ಎತ್ತಿದರು. ಮಾತುಕತೆ ಪೂರ್ತಿ ಇಂಗ್ಲಿಷಿನಲ್ಲಿ ನಡೆಯಿತು. ಅದರ ಸಾರಾಂಶ ಹೀಗಿದೆ.

"ತಾತ, ಏನು ಮಾಡ್ತಿದ್ದೀಯ?"

"ಒಬ್ಬರ ಕೂದಲು ಕತ್ತರಿಸ್ತಿದ್ದೀನಿ."

"ಅವರು ಅಳ್ತಿದ್ದಾರಾ?"

"ಇಲ್ಲ ಕಂದ. ಅವರು ಸರ್ಕಾರದವರು."

"ನಾನು ನಿನ್ನೆ ಅತ್ತೆ."

"ಯಾಕೆ ಅತ್ತೆ?"

ಯಾಕೆ ಅತ್ತೆ ಎಂಬುದನ್ನು ಮಗು ವಿವರವಾಗಿ ಹೇಳಿತು. ಗೊಂಬೆ, ಪಕ್ಕದ ಮನೆಯ ಹುಡುಗಿ, ಮುರಿದ ಕೈ. ತಾತ ಕತ್ತರಿಯನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು. ಸಮಾಧಾನ ಹೇಳಿದರು. ತಾನೂ ಸಣ್ಣವನಿದ್ದಾಗ ಅತ್ತಿದ್ದೆ ಎಂದರು. ಭೂತಕಾಲ ಸರಿಯಾಗಿ ಬಂತು. ಬೆಂಚಿನಲ್ಲಿ ಕೂತಿದ್ದ ಆಕೆ ವೀಸಾವನ್ನು ಮರೆತು ಸೆರಗಿನಲ್ಲಿ ಮೂಗೊರೆಸಿಕೊಂಡಳು. ಹೊಸ ಪದವೀಧರೆಯ ಉದ್ಯೋಗ ಜೀವನ ನಿಜವಾಗಿ ಆರಂಭವಾದದ್ದು ಆಗ ಎನ್ನಬಹುದು.

ಫೋನ್ ಆರಿತು.

"ನಿಮಗೆ ಇಂಗ್ಲಿಷ್ ಬರುತ್ತೆ," ಎಂದರು ಪರಿವೀಕ್ಷಕರು ಆರೋಪ ಹೊರಿಸುವ ದನಿಯಲ್ಲಿ. "ಎಲ್ಲಿ ಕಲಿತಿರಿ?"

ತಾತ ನಿರ್ದೇಶಕರ ಕಡೆ ಕೈ ತೋರಿಸಿದರು. "ಇವರ ಸಂಸ್ಥೆಯಲ್ಲೇ. ವರ್ಷದಿಂದ ಫೀಸು ಕಟ್ಟಿದ್ದೀನಿ, ಕೇಳಿ ನೋಡಿ."

ನಿರ್ದೇಶಕರು ಪೇಚಿಗೆ ಸಿಕ್ಕಿಕೊಂಡರು. ನಮ್ಮಲ್ಲಿ ಕಲಿತಿಲ್ಲ ಎನ್ನುವುದು ಸತ್ಯ. ಆದರೆ ಹಾಗೆ ಹೇಳಿದ ಇಂಗ್ಲಿಷ್ ಸಂಸ್ಥೆ ಹಿಂದೆಂದೂ ಇರಲಿಲ್ಲ. ಅವರು ಗಂಟಲು ಸರಿಮಾಡಿಕೊಂಡು, ಹೌದು, ನಮ್ಮ ವಿದ್ಯಾರ್ಥಿಯೇ ಎಂದರು.

ಪರಿವೀಕ್ಷಕರು ಬಟ್ಟೆ ಕಟ್ಟಿಸಿಕೊಂಡೇ ಮೇಲೆ ಹತ್ತಿ ಹೋಗಿ, ತರಗತಿಯಲ್ಲಿ ಉಳಿದಿದ್ದವರನ್ನು ಮಾತಾಡಿಸಿದರು. ಅವರು ಖಾಲಿ ಕುರ್ಚಿಯನ್ನು ನೋಡಿದರೇ ಹೊರತು ಬಾಯಿಬಿಡಲಿಲ್ಲ. ಕೆಳಗೆ ಬಂದು ಬೆಂಚಿನವರನ್ನು ಮಾತಾಡಿಸಿದರು. ಎಲ್ಲರೂ ಉತ್ತರ ಕೊಟ್ಟರು. ಒಂದೇ ಸಂಸ್ಥೆ, ಒಂದೇ ಶುಲ್ಕ, ಒಂದೇ ಪುಸ್ತಕ. ವ್ಯತ್ಯಾಸ ಎಲ್ಲಿಂದ ಬಂತು ಎಂದು ಅವರು ಬಹಳ ಹೊತ್ತು ಯೋಚಿಸಿದರು. ಎರಡು ಗುಂಪುಗಳನ್ನೂ ಅಕ್ಕಪಕ್ಕ ನಿಲ್ಲಿಸಿ ಹಿಂದಿನಿಂದಲೂ ಮುಂದಿನಿಂದಲೂ ನೋಡಿದರು. ಕಾರಣ ಅಂಗೈ ಮೇಲಿನ ನೆಲ್ಲಿಕಾಯಿಯಂತೆ ಸ್ಪಷ್ಟವಾಗಿತ್ತು.

ವಾರದೊಳಗೆ ಇಲಾಖೆಯ ಆದೇಶ ಬಂತು. 'ಸ್ಥಳ ಪರಿಶೀಲನೆಯಿಂದ ತಿಳಿದುಬಂದಿರುವಂತೆ, ಇಂಗ್ಲಿಷ್ ಮಾತನಾಡುವವರ ಕೂದಲು ಗಿಡ್ಡವಾಗಿಯೂ, ಮಾತನಾಡದವರ ಕೂದಲು ಉದ್ದವಾಗಿಯೂ ಇರುತ್ತದೆ. ಆದ್ದರಿಂದ ಇನ್ನು ಮುಂದೆ ಭಾಷಾ ಸಾಮರ್ಥ್ಯವನ್ನು ಕೂದಲಿನ ಉದ್ದದಿಂದ ನಿರ್ಧರಿಸತಕ್ಕದ್ದು. ಇದರಿಂದ ಪರೀಕ್ಷೆಯ ವೆಚ್ಚ ಉಳಿತಾಯವಾಗುವುದು. ಹುಟ್ಟಿನಿಂದ ಬೋಳಾಗಿರುವವರ ಪ್ರಕರಣಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಲಾಗುವುದು.'

ಟೀಚರಮ್ಮನ ಮೇಲಿನ ದೂರನ್ನು ಕೈಬಿಟ್ಟರು. ಕಲಿಸಿದ್ದರಿಂದ ಯಾರೂ ಕಲಿತಿಲ್ಲ ಎಂದು ಸಾಬೀತಾಗಿದ್ದರಿಂದ ಆಕೆ ನಿರಪರಾಧಿ. ಆಕೆಗೆ ಜೀವ ಬಂದಂತಾಯಿತು. ಸಂತೋಷದಿಂದ ನಿರ್ದೇಶಕರ ಕೋಣೆಗೆ ಹೋದಾಗ ಅವರು ಆಕೆಯ ಬೆನ್ನ ಮೇಲಿನ ಜಡೆಯನ್ನು ನೋಡಿ ಮುಖ ಬಾಡಿಸಿಕೊಂಡರು.

"ನಿಮ್ಮ ಇಂಗ್ಲಿಷ್ ಸೊಂಟದವರೆಗಿದೆ ಮೇಡಂ. ಹೀಗಿದ್ದರೆ ಪ್ರಾರಂಭಿಕ ಹಂತಕ್ಕೂ ಬರೋದಿಲ್ಲ."

"ಕತ್ತರಿಸಿಕೊಂಡ್ರೆ ಪಾಠ ಮಾಡಬಹುದಾ ಸರ್?"

"ಖಂಡಿತ. ಅರ್ಹತೆ ಇದ್ದವರನ್ನ ತಡೆಯೋಕೆ ನಾನು ಯಾರು?"

ಆಕೆ ಅಂಗಡಿಗೆ ಇಳಿದು ಕುರ್ಚಿಯಲ್ಲಿ ಕೂತಳು. ತಾತ ಜಡೆಯನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದರು.

"ಎಷ್ಟು ತೆಗೀಲಿ ಟೀಚರಮ್ಮ?"

"ಪಾಸಾಗೋಷ್ಟು ತೆಗೀರಿ ತಾತ."

ಆಕೆ ಕಣ್ಣು ಮುಚ್ಚಿಕೊಂಡಳು. ತಾತ ಬಿಚ್ಚಿ ಬಾಚಿ, ಮೆಲ್ಲಗೆ, ಒಂದು ಎಳೆಯೂ ನೋಯದ ಹಾಗೆ ಕತ್ತರಿಸಿದರು. ಪ್ರಮಾಣಪತ್ರ ಅಂದೇ ಕೈಗೆ ಬಂತು. ಉತ್ತಮ ದರ್ಜೆ ಎಂದು ಬರೆದಿತ್ತು.

ಫೋನಿನಲ್ಲಿ ಮಗಳನ್ನು ನೋಡಿ ತಾಯಿ ತಮ್ಮ ಜಡೆಯನ್ನು ಮುಟ್ಟಿ ನೋಡಿಕೊಂಡರು. ಅಜ್ಜಿ, ಜ್ವರ ಬಂದಿತ್ತೇ ಎಂದರು. ಸೋದರಮಾವ ಫೋನನ್ನು ಕಸಿದುಕೊಂಡು, ಅದು ಪ್ರಮೋಷನ್, ಅಲ್ಲಿ ಮೇಲೇರಿದವರೆಲ್ಲ ಹಾಗೇ ಎಂದು ಮನೆಯವರಿಗೆ ವಿವರಿಸಿದರು. ಮರುದಿನ ತಾವೂ ತಲೆಯನ್ನು ಸಣ್ಣಗೆ ಮಾಡಿಸಿಕೊಂಡು ಬಂದರು. ಅಂದಿನಿಂದ ಬೀದಿಯವರು ತಮ್ಮ ಇಂಗ್ಲಿಷ್ ಕಾಗದಗಳನ್ನು ಅವರ ಬಳಿ ಓದಿಸಲು ತರುತ್ತಿದ್ದಾರೆ ಎಂದು ಕೇಳಿದ್ದೇವೆ.

ಅರ್ಹತೆ ಪಡೆದ ಅಧ್ಯಾಪಕಿ ಬೆಳಿಗ್ಗೆ ಬೇಗನೆ ಎದ್ದು ತರಗತಿಗೆ ಹೋದಳು. ಬೆಂಚುಗಳ ಮೇಲೆ ಸಾಲುಸಾಲು ಗಿಡ್ಡ ತಲೆಗಳು. ಇವತ್ತು ಭವಿಷ್ಯತ್ ಕಾಲ ಮಾಡೋಣ ಎಂದಳು. ವಿದ್ಯಾರ್ಥಿಗಳು ಮುಖ ಮುಖ ನೋಡಿಕೊಂಡರು.

"ನಮ್ಮದು ಆಯ್ತಲ್ಲ ಟೀಚರ್," ಎಂದ ಒಬ್ಬ, ತಲೆ ಸವರಿಕೊಂಡು.

ನಿಜವೇ. ಬೀದಿಯ ಅಂಗಡಿ, ಬ್ಯಾಂಕು, ಆಸ್ಪತ್ರೆ ಎಲ್ಲ ಕಡೆ ಕೆಲಸ ಕೊಡುವ ಮುಂಚೆ ಅಭ್ಯರ್ಥಿಗಳ ತಲೆಯ ಮೇಲೆ ಅಳತೆಪಟ್ಟಿ ಇಡತೊಡಗಿದ್ದರು. ದಂತವೈದ್ಯರು ತಮ್ಮ ಕಿರಿಯ ಮಗನನ್ನು ಕರೆತಂದು ತಾತನಿಗೆ ಒಪ್ಪಿಸಿ, "ಪಾಠ ಬೇಡ, ಕಟಿಂಗ್ ಸಾಕು" ಎಂದು ಹೇಳಿ ಹೋದರು. ಸಂಸ್ಥೆ ಕಟಿಂಗ್ ಶಾಪನ್ನು ತನ್ನ ಉನ್ನತ ವ್ಯಾಸಂಗ ವಿಭಾಗವೆಂದು ಘೋಷಿಸಿತು. ತಾತನಿಗೆ ಪ್ರಾಚಾರ್ಯರ ಹುದ್ದೆ ಸಿಕ್ಕಿತು. ಕ್ಯೂ ಬೀದಿಯ ತಿರುವಿನವರೆಗೆ ಬೆಳೆಯಿತು.

ಟೀಚರಮ್ಮ ಮಧ್ಯಾಹ್ನ ಇಳಿದು ಬಂದು ಬೆಂಚಿನಲ್ಲಿ ಕೂರುತ್ತಿದ್ದಳು. ಒಂದು ದಿನ ಪೌಡರ್ ಡಬ್ಬಿಯ ಹಿಂದೆ ಫೋನ್ ಬಡಿದುಕೊಳ್ಳುತ್ತಲೇ ಇತ್ತು.

"ತಾತ, ಮೊಮ್ಮಗಳು."

ತಾತ ಕತ್ತರಿ ನಿಲ್ಲಿಸದೆ ಕ್ಯೂವಿನ ಕಡೆ ಕಣ್ಣು ಹಾಯಿಸಿದರು. "ಇಷ್ಟು ಜನ ಇಂಗ್ಲಿಷಿಗೆ ಕಾಯ್ತಿರೋವಾಗ ಮಾತಾಡ್ತಾ ಕೂತ್ರೆ ಆಗುತ್ತಾ? ಆಮೇಲೆ ಮಾಡ್ತೀನಿ ಅನ್ನಿ ಅವಳಿಗೆ."

ಆಕೆ ಫೋನ್ ಎತ್ತಿ, ತಾತ ಆಮೇಲೆ ಮಾಡುತ್ತಾರಂತೆ ಎಂದಳು. ಗೊಂಬೆಯ ಕೈ ಸರಿಹೋಯಿತು ಎಂದು ಮಗು ಹೇಳಿತು. ಹೇಳುತ್ತೇನೆ ಎಂದಳು. ಹೇಳಲು ಕ್ಯೂ ಕರಗುವವರೆಗೆ ಕಾದಳು, ಅದು ಕರಗಲಿಲ್ಲ.

ಮುಂದಿನ ವರ್ಷ ಮತ್ತೊಬ್ಬ ಹೊಸ ಪದವೀಧರ ಬಂದಿಳಿದ. ಇಂಗ್ಲಿಷೇ ಮನೆಮಾತಾಗಿರುವ ಯಾವುದೋ ದೇಶದವನು. ಭುಜದವರೆಗೆ ಹೊಂಬಣ್ಣದ ಕೂದಲು. ನಿರ್ದೇಶಕರು ಅವನ ಕೂದಲನ್ನು ಅಳೆದು, ಹುಡುಗ ಒಳ್ಳೆಯವನು, ಭಾಷೆಯೇ ಬಾರದು ಎಂದು ಮರುಗಿ, ಕೆಳಗೆ ಕಳಿಸಿಕೊಟ್ಟರು. ಅವನು ಅಂಗಡಿಯೊಳಗೆ ಬಂದು ನಾಲ್ಕೂ ಕಡೆ ನೋಡಿ, ಬೆಂಚಿನಲ್ಲಿದ್ದ ಹಿರಿಯ ಅಧ್ಯಾಪಕಿಯ ಹತ್ತಿರ ನಿಂತ.

"ಏನೋ ತಪ್ಪು ತಿಳುವಳಿಕೆ ಆಗಿದೆ. ನಾನು ಇಂಗ್ಲಿಷ್ ಕಲಿಸೋಕೆ ಬಂದವನು."

"ಗೊತ್ತು, ಕೂತ್ಕೊಳ್ಳಿ," ಎಂದಳು ಆಕೆ. "ಮೊದಮೊದಲು ಎಲ್ಲರಿಗೂ ಹಾಗೇ ಅನ್ಸುತ್ತೆ."

ಕ್ಯೂವಿನಲ್ಲಿದ್ದವರೆಲ್ಲ ಅವನ ಕೂದಲನ್ನು ಕನಿಕರದಿಂದ ನೋಡಿದರು. ಪಾಪ, ಪರದೇಶದಿಂದ ಬಂದವನು, ಒಂದಕ್ಷರ ಬಾರದು ಎಂದು ಒಬ್ಬರು ಪಕ್ಕಕ್ಕೆ ಸರಿದು ಜಾಗ ಬಿಟ್ಟುಕೊಟ್ಟರು. ತಾತ ಬಟ್ಟೆ ಕೊಡವಿ ಅವನ ಕುತ್ತಿಗೆಗೆ ಕಟ್ಟಿದರು.